ಹುಳಿ ನೋಡುವ ನಾಲಿಗೆ

ನನಗೆ ಕಾಯುವುದು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ದೂರಬಾರದು. ಅನ್ನ ಬೇಯುವ ಮೊದಲೇ ಮುಚ್ಚಳ ತೆಗೆದು ನೋಡುವವಳು ನಾನು. ಬಸ್ಸು ಬರುವ ತನಕ ನಿಲ್ಲಲಾರದೆ ಅರ್ಧ ದಾರಿ ನಡೆದೇ ಬಿಡುವವಳು. "ಈಕಿ ಕಾಲಾಗ ಚಕ್ರ ಅದಾವು" ಎಂದು ನಮ್ಮ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು. ಅಂಥ ನನಗೆ ದೇವರು ಹುಡುಕಿ ಹುಡುಕಿ ಕೊಟ್ಟ ಕೆಲಸ ಯಾವುದು ಗೊತ್ತೇ? ಪೀಪಾಯಿಯ ನೀರಿನಲ್ಲಿ ಕದಡಿದ ಮಣ್ಣು ತಳ ಕೂಡುವುದನ್ನು ಕಾಯುತ್ತ ಕೂರುವುದು.

ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷ ಆಗಿತ್ತು. ನಾನು ತುಕ್ಕಾನಟ್ಟಿಯವಳು. ಅಪ್ಪ ಅವ್ವ ಇಬ್ಬರೂ ತೀರಿಕೊಂಡ ಮೇಲೆ ನನ್ನನ್ನು ಘಟಪ್ರಭಾಕ್ಕೆ ಕೊಟ್ಟರು. ಅಣ್ಣ ತಮ್ಮ ಯಾರೂ ಇಲ್ಲ, ಅಂದಮೇಲೆ ತವರೆಂಬ ತವರೂ ಇಲ್ಲ. ನನ್ನ ಗಂಡ ಸ್ಟೇಶನ್ನಿನಿಂದ ಮಾಲು ಸಾಗಿಸುವ ಚಕ್ಕಡಿ ಹೊಡೆಯುತ್ತಿದ್ದ. ಸ್ಟೇಶನ್ನಿನ ಹಿಂದೆ ತಗಡಿನ ಮಾಡಿನ, ಬಟ್ಟೆ ಒಗೆಯುವ ಸಬಕಾರದ ಒಂದು ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ಎರಡು ಕಬ್ಬಿಣದ ಕಡಾಯಿ, ನಾಲ್ಕು ಮರದ ಪೀಪಾಯಿ, ನಾನೂ ಸೇರಿ ಏಳೆಂಟು ಜನ. ಮಾಲಕರು ಗೋಕಾಕದವರು, ದಿನಾ ಬೆಳಿಗ್ಗೆ ಬಸ್ಸಿಗೆ ಬರುತ್ತಿದ್ದರು. ಅವರಿಗೂ ನನ್ನ ಹಾಗೆಯೇ ತಾಳ್ಮೆ ಕಡಿಮೆ. ಅದಕ್ಕೇ ನಮ್ಮಿಬ್ಬರಿಗೆ ಆಗುತ್ತಿರಲಿಲ್ಲ.

ಶೇಂಗಾ ಎಣ್ಣೆ ತುಟ್ಟಿಯಾಯಿತೆಂದು ಮಾಲಕರು ಮುಂಬೈಯಿಂದ ರೈಲಿನಲ್ಲಿ ಡ್ರಮ್ಮುಗಟ್ಟಲೆ ತಾಳೆ ಎಣ್ಣೆ ತರಿಸಿದರು. ಮೊದಲ ಡ್ರಮ್ಮಿನ ಬಿರಡೆ ತೆಗೆದಾಗ ಏನೂ ಸುರಿಯಲಿಲ್ಲ. ಚಳಿಗೆ ಎಣ್ಣೆ ತುಪ್ಪದ ಹಾಗೆ ಹೆಪ್ಪುಗಟ್ಟಿತ್ತು. ಡ್ರಮ್ಮಿನ ಬುಡಕ್ಕೆ ಬೆಂಕಿ ಹಾಕಿದ ಮೇಲೆ ಇಳಿಯಿತು ನೋಡಿ, ಅಯ್ಯ ಶಿವನೇ, ಮೆಣಸಿನಕಾಯಿ ಒಗ್ಗರಣೆಯ ಬಣ್ಣ! ಅದರಿಂದ ಮಾಡಿದ ಸಬಕಾರ ಅರಿಶಿನದ ಹಾಗೆ ಹಳದಿ ಬಂತು. ಮೂಡಲಗಿ ಸಂತೆಯಲ್ಲಿ ಹೆಂಗಸರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಅಲ್ಲೇ ಇಟ್ಟು ಹೋದರು. "ಅರಿವಿ ತೊಳ್ಯಾಕೋ, ಮದಿಮಗಳಿಗೆ ಹಚ್ಚಾಕೋ?" ಎಂದು ಒಬ್ಬಾಕೆ ಕೇಳಿದಳಂತೆ. ಹುಕ್ಕೇರಿಯ ಅಂಗಡಿಯವರು ತೆಗೆದುಕೊಂಡದ್ದನ್ನೂ ಮರಳಿ ಕಳಿಸಿದರು.

ಆಗ ಬಂದವನು ಕಾಕಾ. ಯಾರಿಗೂ ಸ್ವಂತ ಕಾಕಾ ಅಲ್ಲ, ಎಲ್ಲರಿಗೂ ಕಾಕಾ. ಅರವತ್ತರ ಆಸುಪಾಸು, ಹೆಂಡತಿ ಮಕ್ಕಳಿಲ್ಲ. ಮುಂಬೈಯ ಯಾವುದೋ ಎಣ್ಣೆ ಗಿರಣಿಯಲ್ಲಿ ಬಹಳ ವರ್ಷ ದುಡಿದು ಈ ಕಡೆಗೆ ಮರಳಿದ್ದ. ಎಡಗೈಯ ಎರಡು ಬೆರಳಿನ ಚರ್ಮ ತೇಜಾಬಿಗೆ, ಅಂದರೆ ಆಸಿಡ್ಡಿಗೆ, ಸುಟ್ಟು ನುಣ್ಣಗೆ ಹೊಳೆಯುತ್ತಿತ್ತು. ಉಟ್ಟ ಧೋತರವಂತೂ ಜರಡಿ. ತೇಜಾಬಿನ ಹನಿ ಬಿದ್ದಲ್ಲೆಲ್ಲ ತೂತು. ಕಾರ್ಖಾನೆಯ ಮೂಲೆಯಲ್ಲಿ ಅವನದೊಂದು ಚಾಪೆ, ಒಂದು ತಗಡಿನ ಟ್ರಂಕು. ಅವನ ಸಂಸಾರ ಅಷ್ಟೇ.

"ಎಣ್ಣಿ ಬಣ್ಣ ಮಣ್ಣ ಕುಡೀತೈತ್ರಿ" ಎಂದ ಕಾಕಾ ಮಾಲಕರಿಗೆ. "ಬರೇ ಮಣ್ಣ ಅಲ್ಲ. ತೇಜಾಬನ್ಯಾಗ ಕುದಿಸಿದ ಮಣ್ಣ."

ಮಾಲಕರಿಗೆ ಅವಸರ. ಅಗಸರು ಬಟ್ಟೆಗೆ ಹಾಕುವ ಸವಳು ಮಣ್ಣನ್ನೇ ಒಂದು ಚಕ್ಕಡಿ ಹೇರಿಸಿ ತಂದರು. ಅರಿವೆ ಬೆಳ್ಳಗೆ ಮಾಡುವ ಮಣ್ಣು ಎಣ್ಣೆಯನ್ನೂ ಮಾಡೀತು ಎಂಬುದು ಅವರ ಲೆಕ್ಕ. ಕಾಕಾ ಬೇಡ ಬೇಡ ಎಂದರೂ ಕೇಳಲಿಲ್ಲ. ತೇಜಾಬು ಬಿದ್ದದ್ದೇ ತಡ ಆ ಮಣ್ಣು ಭುಸ್ ಎಂದು ನೊರೆ ಎದ್ದು, ಪೀಪಾಯಿ ದಾಟಿ, ಮಾಲಕರ ಹೊಸ ಚಪ್ಪಲಿಯ ತನಕ ಹರಿಯಿತು. ನಾನು ಕಿಸಕ್ಕನೆ ನಕ್ಕೆ. ಅವರು ನನ್ನನ್ನು ದುರುಗುಟ್ಟಿ ನೋಡಿದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಅವತ್ತು ಅವರಿಗೂ ತಿಳಿಯಿತು.

ಆಮೇಲೆ ಕಾಕಾನೇ ಹುಕ್ಕೇರಿ ಕಡೆಯ ಒಂದು ಹಳ್ಳದ ದಂಡೆಯಲ್ಲಿ ಬೇಕಾದ ಮಣ್ಣು ಹುಡುಕಿದ. ಬೂದು ಬಣ್ಣ, ಒಣಗಿದಾಗ ನಾಲಿಗೆಗೆ ಅಂಟಿಕೊಳ್ಳುವಂಥದ್ದು. ಅದನ್ನು ಕುಟ್ಟಿ, ನೀರು ತುಂಬಿದ ಪೀಪಾಯಿಗೆ ಹಾಕಿ, ಮೇಲೆ ತೇಜಾಬನ್ನು ತಾನೇ ಸಣ್ಣಗೆ ಸುರಿಯುತ್ತಿದ್ದ. ಆ ಕೆಲಸವನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಉಗಿ ಹಾಯಿಸಿ ಒಂದು ಹೊತ್ತು ಪೂರ್ತಿ ಕುದಿಸಿದ ಮೇಲೆ ನನ್ನ ಪಾಳಿ. ನೀರು ಹಾಕು, ಕದಡು, ಮಣ್ಣು ತಳ ಕೂಡುವ ತನಕ ಕಾಯು, ಮೇಲಿನ ನೀರು ಚೆಲ್ಲು, ಮತ್ತೆ ನೀರು ಹಾಕು. ಆರು ಸಲ, ಏಳು ಸಲ. ಮಣ್ಣಿನಲ್ಲಿ ತೇಜಾಬಿನ ಹುಳಿ ಒಂದಿಷ್ಟೂ ಉಳಿಯಬಾರದು. ಹುಳಿ ಹೋಯಿತೋ ಇಲ್ಲವೋ ನೋಡಲು ಮುಂಬೈಯಿಂದ, ಹುಳಿ ತಾಗಿದರೆ ಕೆಂಪಾಗುವ ನೀಲಿ ಕಾಗದದ ಚೂರುಗಳು ಬಂದಿದ್ದವು. ತೇಜಾಬಿನ ಹಬೆ ತುಂಬಿದ ಆ ಕಾರ್ಖಾನೆಯಲ್ಲಿ ಅವು ಡಬ್ಬಿಯಲ್ಲಿದ್ದಲ್ಲೇ ಕೆಂಪಾಗಿ ಹೋದವು.

"ನಾಲಿಗಿ ಐತಲ್ಲ" ಎಂದ ಕಾಕಾ. ಆದರೆ ಅವನ ನಾಲಿಗೆಯನ್ನು ತಂಬಾಕು ತಿಂದು ಮುಗಿಸಿತ್ತು. ಹಾಗಾಗಿ ಕೊನೆಯ ನೀರಿನ ಒಂದು ಹನಿಯನ್ನು ಬೆರಳ ತುದಿಯಿಂದ ನಾಲಿಗೆಗೆ ಮುಟ್ಟಿಸಿ, ಉಗುಳಿ, ಬಾಯಿ ಮುಕ್ಕಳಿಸಿ, ಹೌದು ಅಲ್ಲ ಹೇಳುವುದು ನನ್ನ ಕೆಲಸವಾಯಿತು. ನಾನು "ಹೋತ ನೋಡ್ರಿ ಹುಳಿ" ಎಂದ ಮೇಲೆಯೇ ಮಣ್ಣು ಬಿಸಿಲಿಗೆ ಹೋಗುತ್ತಿತ್ತು. ಒಣಗಿದ್ದನ್ನು ಬೀಸಿ, ಜರಡಿ ಹಿಡಿದು, ಕಾದ ಕೆಂಪೆಣ್ಣೆಗೆ ಹಾಕಿ ತಿರುವಿ, ದಪ್ಪ ಬಟ್ಟೆಯ ಚೀಲದಲ್ಲಿ ಸೋಸಿದರೆ ಕೆಳಗೆ ಇಳಿಯುವ ಎಣ್ಣೆ ತಿಳಿ ಹುಲ್ಲಿನ ಬಣ್ಣ. ಮೊದಲ ಸಲ ಅದನ್ನು ನೋಡಿದಾಗ ನನಗೆ ಮೈ ಜುಮ್ ಎಂದಿತು, ಸುಳ್ಳು ಯಾಕೆ ಹೇಳಲಿ. ಸಬಕಾರ ಬೆಳ್ಳಗೆ ಬಂತು. ಮೂಡಲಗಿಯ ಹೆಂಗಸರು ಕೊಂಡರು. ಮಾಲಕರು ಮೊದಲ ಬಾರಿಗೆ ನನಗೆ "ನಿನ್ನ ನಾಲಿಗಿ ಚೂಪೈತಿ ಬಿಡು" ಎಂದರು. "ಮಾತಿಗೂ ಹಂಗ ಐತ್ರಿ" ಎಂದೆ.

ಅಷ್ಟರಲ್ಲಿ ನಾನು ಬಸಿರಾದೆ.

ಇದು ಮೂರನೆಯದು. ಮೊದಲಿನ ಎರಡೂ ನಿಂತಿರಲಿಲ್ಲ. ಮೊದಲ ಸಲ ನಾನೇ ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತ ನಾಲ್ಕು ಜನರಿಗೆ ಹೇಳಿಕೊಂಡಿದ್ದೆ. ಎರಡನೆಯ ಸಲವೂ ಬಾಯಿ ತಡೆಯಲಿಲ್ಲ. ಅದರಿಂದಲೇ ಹೀಗಾಯಿತು, ಜನರ ಕಣ್ಣು ಬಿತ್ತು ಎಂದು ಅತ್ತೆಯ ಗಟ್ಟಿ ನಂಬಿಕೆ. ಈ ಸಲ ಆಕೆ ನನ್ನನ್ನು ದೇವರ ಜಗುಲಿಯ ಮುಂದೆ ಕೂರಿಸಿ, ನನ್ನ ಕೈಯನ್ನು ನನ್ನ ಹೊಟ್ಟೆಯ ಮೇಲೆಯೇ ಇಡಿಸಿ ಆಣೆ ಹಾಕಿಸಿದಳು. "ಐದ ತಿಂಗಳ ತುಂಬೂತನಕ ಬಾಯಿ ಬಿಡಬ್ಯಾಡ. ಬಾಯಿ ಬಿಟ್ಟರ ಬಣ್ಣಗೇಡು. ಬಿಟ್ಟಿ ಅಂದ್ರ ಈ ಕೂಸೂ ದಕ್ಕೂದಿಲ್ಲ, ತಿಳಿತಿಲ್ಲ?" ನಾನು ತಲೆಯಾಡಿಸಿದೆ. ನಗಲಿಲ್ಲ. ಎರಡು ಕಳೆದುಕೊಂಡವಳಿಗೆ ಇಂಥದರಲ್ಲಿ ನಗು ಬರುವುದಿಲ್ಲ.

ಆದರೆ ಬಯಕೆ ಮಾತು ಕೇಳುತ್ತದೆಯೇ? ನನಗೆ ಹುಳಿ ಬೇಕು. ಎದ್ದರೆ ಹುಳಿ, ಕೂತರೆ ಹುಳಿ. ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಸಣ್ಣ ಉಂಡೆ ಮಾಡಿ ಸೆರಗಿನ ತುದಿಗೆ ಕಟ್ಟಿಕೊಂಡು ಹೋಗುತ್ತಿದ್ದೆ. ಯಾರೂ ನೋಡದಾಗ ಒಂದನ್ನು ದವಡೆಗೆ ಸೇರಿಸಿದರೆ ಒಂದು ತಾಸು ಜೀವಕ್ಕೆ ಸಮಾಧಾನ. ಬೀಜವನ್ನು ಪೀಪಾಯಿಯ ಹಿಂದೆ ಉಗುಳುತ್ತಿದ್ದೆ.

ಅವತ್ತಿನ ಮಣ್ಣು ನನಗೆ ಚೆನ್ನಾಗಿ ನೆನಪಿದೆ. ಹುಕ್ಕೇರಿಯ ಅಂಗಡಿಯವರು ಮತ್ತೆ ಮಾಲು ಕೇಳಿದ್ದರು, ಮಾಲಕರು ಬೆನ್ನು ಹತ್ತಿದ್ದರು. ನಾಲ್ಕು ಸಲ ತೊಳೆದಿದ್ದೆ. ಐದನೆಯ ಸಲದ ನೀರು ಇನ್ನೂ ತಿಳಿಯಾಗಲೊಲ್ಲದು. ನನಗೆ ಚಡಪಡಿಕೆ. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಹುಳಿ ಇಲ್ಲ. ಇಷ್ಟು ಬೇಗ ಹೋಯಿತೇ ಎಂದು ಒಂದು ಗಳಿಗೆ ಅನ್ನಿಸಿತು, ಮತ್ತೊಮ್ಮೆ ಮುಟ್ಟಿಸಿದೆ. ಇಲ್ಲ. "ಹೋತ ನೋಡ್ರಿ ಹುಳಿ!" ಎಂದು ಕೂಗಿದೆ. ಮಣ್ಣು ಬಿಸಿಲಿಗೆ ಹೋಯಿತು.

ಮೂರನೆಯ ದಿನ ಆ ಮಣ್ಣು ಕಡಾಯಿಗೆ ಬಿತ್ತು. ಕಾಕಾ ತಿರುವಿದ, ಸೋಸಿದ. ಚೀಲದಿಂದ ಇಳಿದ ಎಣ್ಣೆ ತಿಳಿಯಾಗಿರಲಿಲ್ಲ. ಕಬ್ಬಿಣದ ಬೋಗುಣಿಯಲ್ಲಿ ಹುಳಿ ಸಾರು ಇಟ್ಟು ಮರೆತರೆ ಹೇಗೆ ಕರ್ರಗಾಗುತ್ತದೆ, ಹಾಗೆ. ಕಡಾಯಿ ತುಂಬ ಎಣ್ಣೆ, ಎಲ್ಲವೂ ಕಂದು ಗೊಜ್ಜಿನ ಬಣ್ಣ.

ಕಾಕಾ ಚೀಲದ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿದ. "ಹುಳಿ ಉಳದೈತಿ. ಕಡಾಯಿ ಕಬ್ಬಿಣ ತಿಂದೈತಿ" ಎಂದು ತನ್ನಷ್ಟಕ್ಕೇ ಅಂದ.

ಮಾಲಕರು ನನ್ನ ಕಡೆ ತಿರುಗಿದರು. "ನೀ ನೋಡಿದ್ದಿಲ್ಲೇನ?"

"ನೋಡೇನ್ರಿ. ಎರಡ ಸಲ ನೋಡೇನಿ. ಹುಳಿ ಇದ್ದಿದ್ದಿಲ್ಲ!" ನನ್ನ ದನಿ ಏರಿತು. ಆಗ ನಾನು ಖರೆ ಹೇಳುತ್ತಿದ್ದೇನೆಂದೇ ತಿಳಿದಿದ್ದೆ.

ಕಾಕಾ ನನ್ನನ್ನು ಒಮ್ಮೆ ನೋಡಿದ. ಆಮೇಲೆ ಮಾಲಕರಿಗೆ ಹೇಳಿದ: "ಆಕೀದೇನೂ ತಪ್ಪಿಲ್ರಿ. ತೇಜಾಬ ನಾನ ಹೆಚ್ಚ ಸುರದೇನಿ. ಕಣ್ಣ ಮಂಜ ಆಗ್ಯಾವು, ಅಳತಿ ತಪ್ಪಿತು. ಮಣ್ಣಿನ ಒಳಗ ಕುಂತ ಹುಳಿ ಮ್ಯಾಲಿನ ನೀರಿಗೆ ಹೆಂಗ ಗೊತ್ತಾಗಬೇಕ್ರಿ?"

ಮಾಲಕರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ತೇಜಾಬಿನ ಕೆಲಸದಾಗ ಕಣ್ಣ ಮಂಜ ಆದಾವನ್ನ ಇಟಗೊಂಡ್ರ ನಾಳೆ ಯಾರದರ ಜೀವಕ್ಕ ಬರತೈತಿ" ಎಂದರು. "ಶುಕ್ರವಾರತನಕ ಇರು. ಆಮ್ಯಾಲ ನಿನ್ನ ದಾರಿ ನೋಡ್ಕೋ."

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದೆ. ಯಾಕೋ ಒಳಗೆ ಕೊರೆಯುತ್ತಿತ್ತು. ಖಾಲಿ ಹೊಟ್ಟೆ, ಬಾಯಿ ತೊಳೆದದ್ದಷ್ಟೇ. ಉಳಿದಿದ್ದ ಆ ಮಣ್ಣಿನ ಚಿಟಿಕೆಯನ್ನು ನೀರಿನಲ್ಲಿ ಕದಡಿ ಒಂದು ಹನಿ ನಾಲಿಗೆಗೆ ಮುಟ್ಟಿಸಿದೆ. ಹುಳಿ! ಹಲ್ಲು ಚಳಿತುಹೋಗುವಂಥ ಹುಳಿ. ಸೆರಗಿನ ಗಂಟು ಬಿಚ್ಚಿ ಹುಣಸೆ ಉಂಡೆಯನ್ನು ದವಡೆಗಿಟ್ಟು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮುಟ್ಟಿಸಿದೆ. ಏನೂ ಇಲ್ಲ. ಬರೀ ನೀರು.

ಅಲ್ಲಿಯೇ ನೆಲದ ಮೇಲೆ ಕುಕ್ಕರಿಸಿ ಕೂತೆ. ಅವತ್ತು ನನ್ನ ದವಡೆಯಲ್ಲಿ ಹುಣಸೆ ಇತ್ತು. ಕಾಕಾನ ಕಣ್ಣೂ ಮಂಜಾಗಿರಲಿಲ್ಲ, ಅವನ ಅಳತೆಯೂ ತಪ್ಪಿರಲಿಲ್ಲ.

ಅಲ್ಲಿಂದ ಶುಕ್ರವಾರದ ತನಕದ ದಿನಗಳನ್ನು ನಾನು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಒಳಗೆ ಹೊರಗೆ. ಹಿಟ್ಟು ನಾದಲು ಕೂತರೆ ಎದ್ದು ಬಾಗಿಲಿಗೆ ಬರುತ್ತಿದ್ದೆ, ಬಾಗಿಲಿಗೆ ಬಂದರೆ ರೊಟ್ಟಿ ಸೀದುಹೋಗುತ್ತಿತ್ತು. ಉಪ್ಪು ತಿಂದವನು ನೀರು ಕುಡಿಯಬೇಕು ಎನ್ನುತ್ತಾರೆ. ಇಲ್ಲಿ ಹುಣಸೆ ತಿಂದವಳು ನಾನು, ನೀರು ಕುಡಿಯುತ್ತಿರುವವನು ಆ ಮುದುಕ. ಹೋಗಿ ಮಾಲಕರಿಗೆ ಹೇಳಿಬಿಡಲೇ? ಮದುವೆಯಾದ ಹೆಣ್ಣು ಕದ್ದು ಹುಣಸೆ ತಿನ್ನುತ್ತಿದ್ದೆ ಎಂದರೆ ಬಸಿರು ಎಂದು ಡಂಗುರ ಹೊಡೆದ ಹಾಗೆಯೇ. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತು. ಇನ್ನೂ ನಾಲ್ಕನೆಯ ತಿಂಗಳು. ಹೇಳಿದರೆ ಕೂಸು, ಹೇಳದಿದ್ದರೆ ಕಾಕಾ. ಅತ್ತ ದರಿ, ಇತ್ತ ಪುಲಿ.

ಗಂಡನನ್ನು ಕೇಳಿದೆ. "ಅವ್ವನ್ನ ಕೇಳು" ಎಂದ. ಅತ್ತೆಯನ್ನು ಕೇಳುವ ಧೈರ್ಯ ನನಗಿರಲಿಲ್ಲ. ಕಾಕಾನಿಗೆ ಮುಂಬೈಯಲ್ಲಿ ಈಗ ಯಾರು ಕೆಲಸ ಕೊಟ್ಟಾರು, ಯಾವ ಮೂಲೆಯಲ್ಲಿ ಚಾಪೆ ಹಾಸಿಯಾನು ಎಂದು ಯೋಚಿಸುತ್ತ ಅನ್ನವೂ ಸೇರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು. ಆಣೆ ಹಾಕಿಸಿದ ಅತ್ತೆಯ ಮೇಲೆ ಸಿಟ್ಟು. ಸುಳ್ಳು ಹೇಳಿದ ಆ ಮುದುಕನ ಮೇಲಂತೂ ಇನ್ನೂ ಹೆಚ್ಚಿನ ಸಿಟ್ಟು.

ಶನಿವಾರ ಬೆಳಿಗ್ಗೆ ಕಾರ್ಖಾನೆಗೆ ಹೋದರೆ ಮೂಲೆಯಲ್ಲಿ ಚಾಪೆ ಇಲ್ಲ, ಟ್ರಂಕು ಇಲ್ಲ. "ಮಿರಜ ಗಾಡಿಗೆ ಹೋಗ್ಯಾನ" ಎಂದರು. ಕೈಗೆ ಹತ್ತಿದ ಮಣ್ಣು ತೊಳೆಯದೆಯೇ ಸ್ಟೇಶನ್ನಿಗೆ ಓಡಿದೆ.

ಕಾಕಾ ಪ್ಲಾಟ್‌ಫಾರ್ಮಿನ ಬೇವಿನ ಮರದ ಕೆಳಗೆ ಟ್ರಂಕಿನ ಮೇಲೆ ಕೂತಿದ್ದ. ನಾನು ಏದುಸಿರು ಬಿಡುತ್ತ ಅವನ ಮುಂದೆ ನಿಂತು, "ಕಾಕಾ, ಅವತ್ತ ನನ್ನ ಬಾಯಾಗ..." ಎಂದೆ.

"ಹುಣಸಿ ಇತ್ತು" ಎಂದ ಅವನು. "ಗೊತ್ತೈತವ್ವಾ. ಪೀಪಾಯಿ ಹಿಂದ ಬೀಜ ಬಿದ್ದಿದ್ದು. ಮಾಲಕರ ಕಣ್ಣಿಗೆ ಬೀಳೂದ ಬ್ಯಾಡ ಅಂತ ನಾನ ಆರಿಸಿ ಒಗದೇನಿ."

"ಗೊತ್ತಿದ್ದ ಸುಳ್ಳ ಹೇಳಿದಿ?"

"ಮತ್ತೇನ ಹೇಳ್ಲಿ? ಖರೆ ಹೇಳಿದ್ರ ನಿನ್ನ ಹೊಟ್ಟಿ ಸುದ್ದಿ ಹೇಳಬೇಕಾಗತಿತ್ತು. ಮದಲಿನ ಎರಡ ಹೋದದ್ದು ನನಗ ಗೊತ್ತಿಲ್ಲೇನ? ಅದು ನಾ ಹೇಳೋ ಮಾತಲ್ಲ. ನೀ ಮನಿಗೆ ನಡಿ, ಓಡಬ್ಯಾಡ, ಸಾವಕಾಶ ನಡಿ."

ಅಷ್ಟು ಮೆತ್ತಗೆ ಹೇಳಿದ್ದಕ್ಕೋ ಏನೋ, ನನಗೆ ನೆತ್ತಿಗೇರಿತು. "ನನ್ನ ಪಾಪ ಹೊತಗೊಂಡ ಹೋಗಂತ ನಿನಗ ಯಾರ ಹೇಳಿದ್ರು? ನಾ ಕೇಳಿದ್ನೇನ? ದೊಡ್ಡ ಧರ್ಮರಾಯ ಬಂದ! ಏಳ ಮ್ಯಾಲ!" ಎಂದು ಅವನ ಭುಜ ಹಿಡಿದು ಎಬ್ಬಿಸಿ, ಟ್ರಂಕನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡು ಕಾರ್ಖಾನೆಯ ಕಡೆ ನಡೆದುಬಿಟ್ಟೆ.

ಕಾಕಾ ಗಾಬರಿಯಾದ. ನಾಲ್ಕು ಹೆಜ್ಜೆ ಓಡಿ ಬಂದು, ಗಾಡಿಗೆ ಕಾಯುತ್ತಿದ್ದ ಮಂದಿಯೆಲ್ಲ ಕೇಳುವ ಹಾಗೆ ಒದರಿದ: "ಏ ತಂಗೀ! ಬಸರಿ ಹೆಂಗಸ ಟ್ರಂಕ ಹೊರತಾರೇನ! ಇಳಸ ಕೆಳಗ!"

ಪ್ಲಾಟ್‌ಫಾರ್ಮಿಗೆ ಪ್ಲಾಟ್‌ಫಾರ್ಮೇ ತಿರುಗಿ ನೋಡಿತು. ಶೇಂಗಾ ಮಾರುವವಳು, ಹಮಾಲರು, ಗೋಕಾಕದಿಂದ ಬಂದ ಮೂರು ಜನ ಹೆಂಗಸರು. ಕಾಕಾ ಕೈಯನ್ನು ಬಾಯಿಗೆ ಒತ್ತಿಕೊಂಡು ನಿಂತುಬಿಟ್ಟ. ಯಾವ ಮಾತನ್ನು ಮುಚ್ಚಿಡಲು ಕೆಲಸ ಕಳೆದುಕೊಂಡನೋ ಅದನ್ನು ತಾನೇ ಕೂಗಿಬಿಟ್ಟಿದ್ದ. ಅವನ ಕಣ್ಣಲ್ಲಿ ನೀರು ಬಂತು. ನನಗೆ ಅಳು ಬರಲಿಲ್ಲ. ಆಗಿದ್ದು ಆಗಿಹೋಯಿತು ಎಂದುಕೊಂಡು ಟ್ರಂಕನ್ನು ಇಳಿಸಿ ಅವನ ಕೈಗೆ ಕೊಟ್ಟೆ. "ಈಗರ ನಡಿ" ಎಂದೆ.

ಮಾಲಕರ ಮೇಜಿನ ಮುಂದೆ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಹುಣಸೆ, ಬಸಿರು, ನಾಲ್ಕನೆಯ ತಿಂಗಳು, ಖಾಲಿ ಹೊಟ್ಟೆಯಲ್ಲಿ ನೆಕ್ಕಿ ನೋಡಿದ್ದು. "ಕಳಸೂದಿದ್ರ ನನ್ನ ಕಳಸ್ರಿ" ಎಂದೆ. ಅವರು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತ ಕೂತರು.

"ಮನ್ಯಾಗ ನಮ್ಮಾಕೀನೂ ಬಸರಿದ್ದಾಗ ಹಿಂಗ ಕದ್ದ ತಿಂತಿದ್ಲು" ಎಂದರು ಕೊನೆಗೆ. ಆಮೇಲೆ ದನಿ ಗಡುಸು ಮಾಡಿಕೊಂಡು, "ಮುದುಕನ ಟ್ರಂಕ ಒಳಗ ಇಡಸು. ನೀ ಇವತ್ತಿಂದ ತೇಜಾಬಿನ ಕಡೆ ಹಾಯಬ್ಯಾಡ. ಸಬಕಾರಕ್ಕ ಕಾಗದ ಸುತ್ತು" ಎಂದರು.

ಕೆಟ್ಟ ಎಣ್ಣೆಯಿಂದ ಕರಿ ಸಬಕಾರ ಮಾಡಿ ಎಮ್ಮೆ ತೊಳೆಯುವವರಿಗೆ ಕೊಟ್ಟರು. ನೀಲಿ ಕಾಗದಗಳನ್ನು ಮತ್ತೆ ತರಿಸಿ, ಈ ಸಲ ಮಾಲಕರು ಅವನ್ನು ತಮ್ಮ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡರು.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅತ್ತೆ ಹೊಸ್ತಿಲಲ್ಲಿ ಕೂತಿದ್ದಳು. ಬೈಯಲಿಲ್ಲ. ಬೈಗುಳ ತಿಂದು ಬೆಳೆದವಳು ನಾನು, ತಡೆದುಕೊಳ್ಳುತ್ತಿದ್ದೆ. ಆಕೆ ಮಾತೇ ಬಿಟ್ಟಳು. ರೊಟ್ಟಿ ಬಡಿದು ನನ್ನ ತಾಟಿಗೆ ಹಾಕುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ದಿನಾ ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು, ಆಗಲೂ ಮಾತಿಲ್ಲ. ನನಗೋ ಪ್ರತಿ ದಿನ ಜೀವ ಕೈಯಲ್ಲಿ. ಸೊಂಟ ಚಳಕು ಹೊಡೆದರೆ ಮುಗಿಯಿತು ಎನ್ನಿಸುತ್ತಿತ್ತು. ಐದು ತುಂಬಿತು, ಆರು ತುಂಬಿತು. ಆದರೂ ನಂಬಿಕೆ ಬರಲಿಲ್ಲ.

ಏಳರಲ್ಲಿ ಕುಬಸ ಮಾಡಿದರು. ನಮ್ಮ ಕಡೆ ಬಸುರಿಗೆ ತವರಿನವರು ಕುಪ್ಪಸದ ಖಣ ತಂದು, ಉಡಿ ತುಂಬಿ, ಊಟಕ್ಕೆ ಹಾಕುವುದು ಪದ್ಧತಿ. ನನಗೆ ತರುವವರಾರು? ಓಣಿಯ ಐದು ಜನ ಮುತ್ತೈದೆಯರು ಬಂದಿದ್ದರು. ಅತ್ತೆಯೇ ಒಂದು ಖಣ ತೆಗೆದಿಟ್ಟಿದ್ದಳು. ನಾನು ಮಣೆಯ ಮೇಲೆ ಕೂತ ಮೇಲೆ ಬಾಗಿಲಲ್ಲಿ ಕೆಮ್ಮಿದ ಸಪ್ಪಳವಾಯಿತು. ಕಾಕಾ. ತಲೆಗೆ ರುಮಾಲು ಸುತ್ತಿದ್ದ. ಕೈಯಲ್ಲಿ ಕಾಗದದ ಪೊಟ್ಟಣ.

"ತವರಿನವರು ಅಂತ ಯಾರರ ಬೇಕಲ್ರಿ" ಎಂದ ಅತ್ತೆಗೆ. "ನೀವು ಹ್ಞೂಂ ಅಂದ್ರ."

ಅತ್ತೆ ಪೊಟ್ಟಣ ತೆಗೆದುಕೊಂಡು ಬಿಚ್ಚಿದಳು. ಗುಳೇದಗುಡ್ಡದ ಖಣ, ಗಿಣಿ ಹಸಿರು, ಕೆಂಪು ದಡಿ. ಬಿಡಿಸಿ ಹಿಡಿದಳು. ನಟ್ಟ ನಡುವೆ ಒಂದು ತೂತು, ಅದರ ಬಾಜೂಕೆ ಇನ್ನೊಂದು ಸಣ್ಣದು. ತಂದು ಟ್ರಂಕಿನಲ್ಲಿ ಇಟ್ಟಿದ್ದ, ಟ್ರಂಕಿನಲ್ಲೋ ಅವನ ಕೈಯಲ್ಲೋ ಎಲ್ಲಿ ತೇಜಾಬು ಹತ್ತಿತ್ತೋ. ಕಾಕಾನೂ ಅದನ್ನು ನೋಡಿದ್ದು ಆಗಲೇ. ಅವನ ಮುಖ ಬಿಳಿಚಿತು. ಹರಿದ ಖಣದಿಂದ ಉಡಿ ತುಂಬುವುದುಂಟೇ? ಮುತ್ತೈದೆಯರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಾಕೆ "ಅಪಶಕುನ" ಎಂದೂ ಅಂದಳು. ಕಾಕಾ ಖಣ ಮರಳಿ ಪಡೆಯಲು ಕೈ ಚಾಚಿದ. "ತಪ್ಪಾತ್ರಿ ನಂದು" ಎಂದ.

ನಾನು ಅತ್ತೆಯ ಮುಖ ನೋಡುತ್ತಿದ್ದೆ. ಕಣ್ಣು ಬೀಳುತ್ತದೆಂದು ನನ್ನ ಬಾಯಿ ಕಟ್ಟಿದವಳು. ಮೂರು ತಿಂಗಳಿಂದ ನನ್ನೊಡನೆ ಮಾತು ಬಿಟ್ಟವಳು. ಆಕೆ ಆ ತೂತಿನಲ್ಲಿ ಬೆರಳು ತೂರಿಸಿ ನೋಡಿದಳು. ಆಮೇಲೆ ಖಣವನ್ನು ನನ್ನ ಉಡಿಯಲ್ಲಿಟ್ಟು, ಅದರ ಮೇಲೆ ಅಕ್ಕಿ, ಉತ್ತತ್ತಿ, ಅರಿಶಿನ ಕೊಂಬು ಹಾಕಿದಳು.

"ಇರ್ಲಿ ಬಿಡು" ಎಂದಳು, ಬೇರೆ ಯಾರಿಗೂ ಅಲ್ಲ, ನನಗೇ. "ತೂತ ಬಿದ್ದದ್ದಕ್ಕ ಯಾರ ಕಣ್ಣೂ ಬೀಳೂದಿಲ್ಲ. ಕೂಸಿಗೆ ಮದಲ ಇದನ್ನ ಹಾಕೂಣು."

ಆಮೇಲೆ ಕಾಕಾನ ಕಡೆ ತಿರುಗಿ, "ನಿಂತೇನ ಮಾಡ್ತೀರಿ? ಬೀಗರು ಬಾಗಲದಾಗ ನಿಲ್ಲತಾರೇನ? ಒಳಗ ಬರ್ರಿ, ಕಾಲ ತೊಳಕೋರಿ" ಎಂದಳು.

ಮಗಳು ಹುಟ್ಟಿದ ದಿನ ಅತ್ತೆ ಆ ಖಣದಲ್ಲೇ ಅವಳನ್ನು ಸುತ್ತಿ ನನ್ನ ಪಕ್ಕಕ್ಕೆ ಮಲಗಿಸಿದಳು. ಅವಳ ಒಂದು ಕಾಲಿನ ಬೆರಳು ಆ ತೂತಿನಿಂದ ಹೊರಗೆ ಬಂದಿತ್ತು. ನಾನು ಅದನ್ನು ಹಿಡಿದುಕೊಂಡು ಸುಮ್ಮನೆ ಮಲಗಿದ್ದೆ. ಅವತ್ತು ನನಗೆ ಎಲ್ಲಿಗೂ ಹೋಗುವುದು ಬೇಕಿರಲಿಲ್ಲ.